ಪೋಸ್ಟ್ ಬಾಕ್ಸಿನಲ್ಲಿ ಮನುಷ್ಯ ವಾಸ ಮಾಡುವುದಿಲ್ಲವಂತೆ

ಅಮೆರಿಕದ ಪೈಲಟ್ ಲೈಸೆನ್ಸಿಗೆ ಅವಧಿ ಎಂಬುದಿಲ್ಲ. ಒಮ್ಮೆ ಕೈಗೆ ಬಂದರೆ ಅವರಾಗಿ ಕಿತ್ತುಕೊಳ್ಳುವವರೆಗೆ ಅದು ನಮ್ಮದೇ. ರಜೆಗೆ ಊರಿಗೆ ಬಂದಾಗ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಶಿರಸಿಯಲ್ಲಿ ಬೈಕಿನ ಲೈಸೆನ್ಸ್ ರಿನ್ಯೂವಲ್ಲಿಗೆ ಓಡಾಡಿದವರಂತೂ ನಕ್ಕೇಬಿಡುತ್ತಾರೆ. ಆದರೆ ಅವಧಿ ಇಲ್ಲದ್ದು ಲೈಸೆನ್ಸಿಗೆ ಮಾತ್ರ, ಅದನ್ನು ಅಚ್ಚು ಹಾಕಿದ ಕಾಗದಕ್ಕಲ್ಲ. ಕಾಗದದ ಪೈಲಟ್ ಸರ್ಟಿಫಿಕೇಟುಗಳೆಲ್ಲ 2010ರ ಮಾರ್ಚ್ 31ರ ನಂತರ ನಡೆಯವು ಎಂದು ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ 2008ರಲ್ಲೇ ನಿಯಮ ಮಾಡಿತು. ಮಾದಕ ವಸ್ತು ಸಾಗಿಸುವವರು ನಕಲಿ ಲೈಸೆನ್ಸ್ ಮಾಡಿಕೊಳ್ಳಬಾರದು, ಎಲ್ಲವೂ ಸುಲಭಕ್ಕೆ ನಕಲು ಮಾಡಲಾಗದ ಪ್ಲಾಸ್ಟಿಕ್ ಕಾರ್ಡ್ ಆಗಲಿ ಎಂಬುದು ಕಾರಣ.

ಆಗ ನಾನು ಭಾರತದ ಲೈಸೆನ್ಸಿನ ಮೇಲೆ ಭಾರತದಲ್ಲೇ ಹಾರಾಟ ನಡೆಸುತ್ತಿದ್ದೆ. ಫ್ಲೋರಿಡಾದಲ್ಲಿ ಕಲಿತ ಕಾಲದ ಆ ಕಾಗದ ಊರಿನ ಮನೆಯ ಮೆತ್ತಿನ ಮೇಲೆ ಟ್ರಂಕಿನಲ್ಲಿತ್ತು. ಈಗ ನಾನಿರುವುದು ದುಬೈಯಲ್ಲಿ, ಮಗಳು ಓದುವುದು ಅಮೆರಿಕದಲ್ಲಿ. ಅಲ್ಲಿಗೆ ಹೋದಾಗ ಒಂದು ಪುಟ್ಟ ಸೆಸ್ನಾ ವಿಮಾನ ಬಾಡಿಗೆಗೆ ಹಿಡಿದು ಅವಳನ್ನು ಕೂರಿಸಿಕೊಂಡು ಸುತ್ತಬೇಕು ಎಂಬ ಆಸೆ ಹುಟ್ಟಿದ್ದೇ ಇಷ್ಟಕ್ಕೆಲ್ಲ ಮೂಲ.

ಅಣ್ಣನಿಗೆ ಫೋನ್ ಮಾಡಿ ಟ್ರಂಕು ತೆಗೆಸಿದೆ. ‘ಇಲಿ ಹೊಡದ್ದಿಲ್ಲೆ ತಮಾ, ಬೂಷ್ಟು ಮಾತ್ರ ಹಿಡದ್ದು’ ಎಂದ. ಶಿರಸಿಯ ಮಳೆಗಾಲ ಇಷ್ಟು ವರ್ಷ ಕಂಡ ಕಾಗದಕ್ಕೆ ಬೂಷ್ಟು ಹಿಡಿಯದಿದ್ದರೆ ಆಶ್ಚರ್ಯ. ಅವನು ಒರೆಸಿ ಫೋಟೋ ತೆಗೆದು ಕಳಿಸಿದ್ದರಲ್ಲಿ ನಂಬರು ಓದುವಂತಿತ್ತು. ಅಷ್ಟು ಸಾಕು. ಕಾಗದ ರದ್ದಾದರೂ ದಾಖಲೆ ಎಫ್‌ಎಎಯ ಒಕ್ಲಹೋಮ ಸಿಟಿ ಕಚೇರಿಯಲ್ಲಿ ಇದ್ದೇ ಇರುತ್ತದೆ. ಮತ್ತೆ ಪರೀಕ್ಷೆ ಇಲ್ಲ, ಹಾರಿ ತೋರಿಸಬೇಕಿಲ್ಲ. ಬದಲಿ ಕಾರ್ಡಿನ ಶುಲ್ಕ ಎರಡೇ ಡಾಲರ್. ಅಂಚೆಯಲ್ಲಿ ಅರ್ಜಿ ಹಾಕಿದರೆ ಆ ಎರಡು ಡಾಲರನ್ನು ಅಮೆರಿಕದ ಹಣದ ಚೆಕ್ಕಿನಲ್ಲೋ ಮನಿ ಆರ್ಡರಿನಲ್ಲೋ ಕೊಡಬೇಕು. ದುಬೈಯಲ್ಲಿ ಕೂತು ಅಂಥ ಚೆಕ್ಕು ಮಾಡಿಸಹೋದರೆ ಕಾಯಿಗಿಂತ ಸಿಪ್ಪೆಗೇ ಖರ್ಚು ಜಾಸ್ತಿ. ಆನ್‌ಲೈನಿನಲ್ಲಿ ಖಾತೆ ತೆರೆದು ಬ್ಯಾಂಕ್ ಕಾರ್ಡಿನಲ್ಲಿ ಕಟ್ಟುವುದೇ ಸರಿ. ಹೊಸ ಕಾರ್ಡಿನಲ್ಲಿ ‘ಇಂಗ್ಲಿಷ್ ಬಲ್ಲವರು’ ಎಂಬ ಷರಾ ಕೂಡ ಬರುತ್ತದೆ. ಅದಿಲ್ಲದ ಹಳೆಯ ಲೈಸೆನ್ಸ್ ಇಟ್ಟುಕೊಂಡು ಅಮೆರಿಕದ ಗಡಿ ದಾಟಿ ಹಾರುವ ಹಾಗಿಲ್ಲ.

ಇಷ್ಟೆಲ್ಲ ಸಲೀಸು. ಕಸಿವಿಸಿ ಶುರುವಾಗುವುದು ವಿಳಾಸದ ಕಾಲಮ್ಮಿನಲ್ಲಿ.

ದುಬೈಯಲ್ಲಿ ಪೋಸ್ಟ್‌ಮನ್ ಮನೆ ಬಾಗಿಲಿಗೆ ಬರುವ ಪದ್ಧತಿ ಇಲ್ಲ. ಕಾಗದಪತ್ರವೆಲ್ಲ ಪೋಸ್ಟ್ ಬಾಕ್ಸಿಗೆ, ನನ್ನಂಥವರಿಗೆ ಅದು ಕಂಪನಿಯ ಬಾಕ್ಸ್. ಎಫ್‌ಎಎ ನಿಯಮ ಏನೆಂದರೆ, ಪೋಸ್ಟ್ ಬಾಕ್ಸ್ ಕೊಡಬಹುದು, ಆದರೆ ಜೊತೆಗೆ ನೀವು ನಿಜವಾಗಿ ವಾಸವಿರುವ ಜಾಗವನ್ನೂ ಹೇಳಬೇಕು. ಬೀದಿ ಹೆಸರು, ಮನೆ ನಂಬರ್ ಇಲ್ಲದ ಕಡೆ ಇದ್ದರೆ ದಾರಿ ಬರೆದುಕೊಡಿ, ಇಲ್ಲವೇ ನಕ್ಷೆ ಬಿಡಿಸಿ ಕೊಡಿ. ವಿಳಾಸ ಬದಲಾದರೆ 30 ದಿನದೊಳಗೆ ತಿಳಿಸಬೇಕು. ತಿಳಿಸದಿದ್ದರೆ ಆಮೇಲೆ ಆ ಲೈಸೆನ್ಸಿನ ಮೇಲೆ ಹಾರುವಂತಿಲ್ಲ. ದುಬೈ ಕಟ್ಟಡಗಳಿಗೆ ಜಾಗ ಗುರುತಿಸಲು ಮಕಾನಿ ಎಂಬ ಹತ್ತು ಅಂಕಿಯ ನಂಬರ್ ಇದೆ, ಅದನ್ನು ಕೊಡಬಹುದು. ಆದರೆ ಗಲ್ಫ್ ನೌಕರಿ ಎಂದರೆ ಇವತ್ತು ಇದೆ, ನಾಳೆ ಕಂಪನಿ ಹೇಳಿದಂತೆ. ಕೆಲಸ ಹೋದರೆ ಬಾಕ್ಸೂ ಹೋಯಿತು, ಫ್ಲಾಟೂ ಹೋಯಿತು. ಕಾರ್ಡು ಆ ಮಧ್ಯೆ ಬಂದರೆ ಯಾರ ಕೈ ಸೇರುತ್ತದೋ.

ಹಾಗಾಗಿ ವಾಸಕ್ಕೆ ದುಬೈ ಫ್ಲಾಟು, ಅಂಚೆಗೆ ಶಿರಸಿ ಮನೆ ಎಂದು ತೀರ್ಮಾನಿಸಿದೆ. ಊರಿನ ವಿಳಾಸವೋ, ಗ್ರಾಮ, ಪೋಸ್ಟು, ತಾಲೂಕು, ಜಿಲ್ಲೆ, ಪಿನ್‌ಕೋಡ್, ಮುಗಿಯಿತು. ಅಂಚೆಗೆ ಅಷ್ಟು ಸಾಕು. ಆದರೂ ಮುಂದೆ ನೌಕರಿ ಬಿಟ್ಟು ಊರಲ್ಲೇ ನಿಂತರೆ ಬೇಕಾದೀತು ಎಂದು ಒಂದು ನಕ್ಷೆ ಬರೆದು ನೋಡಿದೆ. ಶಿರಸಿಯಿಂದ ಕುಮಟಾ ರಸ್ತೆ, ಎಡಕ್ಕೆ ಮಣ್ಣಿನ ದಾರಿ, ಹಳ್ಳ ದಾಟುವ ಸಂಕ, ಅದಾದ ಮೇಲೆ ಹುಲ್ಲಿನ ಬ್ಯಾಣ, ಬೇಲಿಯ ದಣಪೆ ದಾಟಿದರೆ ಅಡಿಕೆ ತೋಟದ ಮೇಲ್ಗಡೆ ಹೆಂಚಿನ ಮನೆ. ಒಕ್ಲಹೋಮದ ಗುಮಾಸ್ತನಿಗೆ ದಣಪೆ ಎಂದರೆ ಏನು ಅರ್ಥವಾಗಬೇಕು! ಮಳೆಗಾಲದಲ್ಲಿ ಸಂಕ ಕೊಚ್ಚಿಹೋದರೆ ದಾರಿಯೂ ಬದಲು, 30 ದಿನದೊಳಗೆ ತಿಳಿಸಬೇಕೋ ಏನೋ.

ಇದರ ಮೇಲೆ ಇನ್ನೊಂದು. 2024ರ ಅಕ್ಟೋಬರಿನಲ್ಲಿ ಬಂದ ನಿಯಮದಂತೆ ಅಮೆರಿಕದಲ್ಲಿ ಮನೆ ವಿಳಾಸ ಇಲ್ಲದ ವಿದೇಶ ವಾಸಿಗಳು ಅಲ್ಲಿ ಒಬ್ಬ ಏಜೆಂಟನ್ನು ಹೆಸರಿಸಬೇಕು. ಹೊಸದಾಗಿ ಅರ್ಜಿ ಹಾಕುವವರಿಗೆ 2025ರ ಜನವರಿ 6ರಿಂದ, ಈಗಾಗಲೇ ಲೈಸೆನ್ಸ್ ಇದ್ದವರಿಗೆ ಜುಲೈ 7ರಿಂದ ಇದು ಕಡ್ಡಾಯ. ಇಲಾಖೆ ನಮಗೆ ಕಳಿಸುವ ಕಾನೂನಿನ ನೋಟೀಸುಗಳನ್ನು ಆತ ತೆಗೆದುಕೊಂಡು ನಮಗೆ ಮುಟ್ಟಿಸಬೇಕು. ಏಜೆಂಟನ ವಿಳಾಸ ಪೋಸ್ಟ್ ಬಾಕ್ಸ್ ಆಗಕೂಡದು. ದುಡ್ಡು ಕೊಟ್ಟರೆ ಈ ಕೆಲಸ ಮಾಡುವ ಕಂಪನಿಗಳಿವೆ. ಹದಿನೆಂಟು ತುಂಬಿದ ಪರಿಚಯಸ್ಥರಾದರೂ ಆದೀತು. ಹಾಸ್ಟೆಲಿನಲ್ಲಿರುವ ಮಗಳ ವಿಳಾಸ ವರ್ಷವರ್ಷ ಬದಲಾಗುತ್ತದೆ. ಅದಕ್ಕೇ ನ್ಯೂಜೆರ್ಸಿಯಲ್ಲಿ ಸ್ವಂತ ಮನೆ ಮಾಡಿಕೊಂಡ ಭಾವನನ್ನು ಕೇಳಿದೆ. ಎಲ್ಲ ಕೇಳಿಸಿಕೊಂಡು ಆತ, ‘ನೀ ಎಲ್ಲಾದ್ರೂ ವಿಮಾನ ಕೆಡಗಿರೆ ಪೊಲೀಸರು ಯನ್ನ ಮನೆಗೆ ಬತ್ವನೋ?’ ಎಂದ. ಪೊಲೀಸರಲ್ಲ, ಕಾಗದ ಬರುತ್ತದೆ ಎಂದೆ. ‘ಕಾಗದ ಆದ್ರೆ ಅಡ್ಡಿಲ್ಲೆ’ ಎಂದು ಒಪ್ಪಿದ. ಇಂಥ ಭಾವ ಇಲ್ಲದವರು ದುಡ್ಡು ಕೊಟ್ಟು ಕಂಪನಿಯನ್ನೇ ಹಿಡಿಯುವುದು ಮೇಲು. ಅರೆಮನಸ್ಸಿನಿಂದ ಒಪ್ಪಿದವರು ನೋಟೀಸನ್ನು ಫ್ರಿಜ್ಜಿನ ಮೇಲಿಟ್ಟು ಮರೆತರೆ ಕಷ್ಟ ನಮಗೆ.

ಊರ ಕಡೆಯಿಂದ ಫ್ಲೋರಿಡಾಕ್ಕೋ ನ್ಯೂಜಿಲೆಂಡಿಗೋ ಕಲಿಯಲು ಹೊರಟವರಿಗೆ ಇಲ್ಲೊಂದು ವಿಷಯ ಹೇಳಲೇಬೇಕು. ನನ್ನದು ಅಲ್ಲೇ ಪರೀಕ್ಷೆ ಕೊಟ್ಟು ಪಡೆದ ಲೈಸೆನ್ಸು, ಯಾರ ಹಂಗಿನಲ್ಲೂ ಇಲ್ಲ. ಇನ್ನೊಂದು ಬಗೆಯದು ಭಾರತದ ಅಥವಾ ಬೇರೆ ದೇಶದ ಲೈಸೆನ್ಸ್ ತೋರಿಸಿ ಪಡೆಯುವಂಥದ್ದು. ಅದರ ಮೇಲೆ ಆ ಮೂಲ ಲೈಸೆನ್ಸಿನ ನಂಬರು ಅಚ್ಚಾಗಿರುತ್ತದೆ. ಮೂಲದ್ದು ರದ್ದಾದರೆ ಇದೂ ನಡೆಯದು. ನಂಬರು ಬದಲಾದರೆ ಮತ್ತೆ ಮೊದಲಿನಿಂದ ಅರ್ಜಿ. ಯುರೋಪಿನಲ್ಲಿ ಲೈಸೆನ್ಸ್ ವ್ಯವಸ್ಥೆಯೇ ಬದಲಾಗಿ ಹೊಸ ನಂಬರ್ ಬಂದಾಗ ಎಷ್ಟೋ ಜನ ಹೀಗೆ ಸಿಕ್ಕಿಕೊಂಡರು. ಮೂಲ ದೇಶದಿಂದ ದೃಢೀಕರಣ ತರಿಸುವುದಕ್ಕೇ ತಿಂಗಳುಗಟ್ಟಲೆ ಬೇಕು, ಬಂದ ದೃಢೀಕರಣ ಆರು ತಿಂಗಳಷ್ಟೇ ನಡೆಯುತ್ತದೆ. ಟಿಕೆಟ್ ಬುಕ್ ಮಾಡಿ ಆಮೇಲೆ ಅರ್ಜಿ ಹಾಕುವ ಬುದ್ಧಿ ಬೇಡ.

ಭಾರತದ ವಿಮಾನಯಾನ ಇಲಾಖೆ ಡಿಜಿಸಿಎ ಈಗ ಸಾಕಷ್ಟು ಹಗುರ ಮಾಡಿದೆ. 2023ರಲ್ಲಿ ಕಮರ್ಷಿಯಲ್ ಲೈಸೆನ್ಸಿನ ಅವಧಿ ಐದು ವರ್ಷದಿಂದ ಹತ್ತಕ್ಕೇರಿತು, 2025ರಲ್ಲಿ ಲೈಸೆನ್ಸೇ ಮೊಬೈಲಿಗೆ ಬಂತು. ಮೊಬೈಲಿಗೆ ಬೂಷ್ಟು ಹಿಡಿಯುವುದಿಲ್ಲ.

ಅಮೆರಿಕದ ಕಾರ್ಡು ಶಿರಸಿಗೆ ತಲುಪಿದ ದಿನ ಅಣ್ಣ ವೀಡಿಯೊ ಕಾಲ್ ಮಾಡಿದ. ಹಿಂದೆ ಮುಂದೆ ತಿರುಗಿಸಿ ನೋಡಿ, ‘ನಿನ್ನ ಫೋಟೋನೇ ಇಲ್ಲೆ, ಈ ಮೀಸೆಯವ ಯಾರೋ?’ ಎಂದ. ಆ ಕಾರ್ಡಿನಲ್ಲಿ ನಮ್ಮ ಫೋಟೋ ಇರುವುದಿಲ್ಲ, ಬೇರೆ ಗುರುತಿನ ಚೀಟಿ ಜೊತೆಗೆ ಇಟ್ಟುಕೊಳ್ಳಬೇಕು. ಹಿಂಬದಿಯಲ್ಲಿರುವವರು ರೈಟ್ ಸಹೋದರರು, ಮೀಸೆಯವನು ಆರ್ವಿಲ್. ಆಯಿ ಹಿಂದಿನಿಂದ ಬಗ್ಗಿ ನೋಡಿ, ಎರಡು ಡಾಲರಿಗೆ ಇನ್ನೆಂತ ಫೋಟೋ ಬತ್ತು ಎಂದಳು.

ಇನ್ನುಳಿದದ್ದು ಫ್ಲೈಟ್ ರಿವ್ಯೂ. ಕಾರ್ಡು ಇದ್ದ ಮಾತ್ರಕ್ಕೆ ಹಾರುವಂತಿಲ್ಲ, 24 ತಿಂಗಳಿಗೊಮ್ಮೆ ಅಮೆರಿಕದ ಬೋಧಕರೊಬ್ಬರ ಜೊತೆ ಕನಿಷ್ಠ ಒಂದು ತಾಸು ನೆಲದ ಮೇಲೆ ಪಾಠ, ಒಂದು ತಾಸು ಹಾರಾಟ ಆಗಬೇಕು, ಮೆಡಿಕಲ್ ಸರ್ಟಿಫಿಕೇಟೂ ಚಾಲ್ತಿಯಲ್ಲಿರಬೇಕು. ಮಗಳ ರಜೆ ನೋಡಿಕೊಂಡು ದಿನ ಗೊತ್ತುಮಾಡಬೇಕು. ಸದ್ಯ ಆಕೆ, ಅಪ್ಪ ಮೊದಲು ಒಬ್ಬನೇ ಹಾರಿ ತೋರಿಸಲಿ, ಆಮೇಲೆ ಕೂರುತ್ತೇನೆ ಅನ್ನುತ್ತಿದ್ದಾಳೆ.