ಎಲ್‌ಎಸ್‌ಟಿ-507ರ ಮಾದರಿ: ಏಳನೆಯ ತಿಂಗಳ ಕೆಲಸ

ಎಲ್‌ಎಸ್‌ಟಿ ಎಂದರೆ ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳನ್ನು ದಡಕ್ಕೆ ಇಳಿಸುತ್ತಿದ್ದ ಹಡಗು. ಅಂಥ ಹಡಗುಗಳಲ್ಲಿ 507ನೆಯದರ ನನ್ನ ಮಾದರಿಯಲ್ಲಿ ತಳ ಮತ್ತು ಅಡ್ಡ ಚೌಕಟ್ಟುಗಳ ಕೆಲಸ ಮುಗಿದು, ಪಕ್ಕದ ಹಾಳೆಗಳನ್ನು ಅಂಟಿಸುವ ಹಂತಕ್ಕೆ ಈ ತಿಂಗಳು ಬಂದಿದ್ದೇನೆ. 1:200 ಪ್ರಮಾಣದಲ್ಲಿ 328 ಅಡಿ ಉದ್ದದ ಈ ಹಡಗು ಸರಿಯಾಗಿ 50 ಸೆಂಟಿಮೀಟರ್ ಆಗುತ್ತದೆ, 50 ಅಡಿಯ ಅಗಲ 7.6 ಸೆಂಟಿಮೀಟರಿಗೆ ಇಳಿಯುತ್ತದೆ.

ಹೆಚ್ಚು ಸಮಯ ತಿಂದದ್ದು ತಳ. ದಡಕ್ಕೆ ನೇರವಾಗಿ ಏರಿ ಮೂತಿಯ ಬಾಗಿಲು ತೆರೆದು ಟ್ಯಾಂಕುಗಳನ್ನು ಇಳಿಸಬೇಕಾದ ಹಡಗಾದ್ದರಿಂದ ಇದರ ತಳ ಚಪ್ಪಟೆ. ಮುಂಭಾಗ ನೀರಿನಲ್ಲಿ ಕಡಿಮೆ ಮುಳುಗಿ ಹಿಂಭಾಗ ಹೆಚ್ಚು ಮುಳುಗುವಂತೆ ಇಳಿಜಾರಾಗಿರುತ್ತದೆ. ಮೊದಲ ತಳದ ಹಾಳೆಗೆ ಅಂಟು ಹೆಚ್ಚಾಗಿ ಅದು ಬಾಗಿಹೋಯಿತು. ಅದನ್ನು ಕಿತ್ತು, ದಪ್ಪ ಹಾಳೆಯಲ್ಲಿ ಹೊಸದಾಗಿ ಕತ್ತರಿಸಿ, ಎರಡು ದಿನ ತೂಕದ ಕೆಳಗೆ ಒಣಗಿಸಿದ ಮೇಲೆ ಗೆರೆ ನೇರವಾಯಿತು.

ತಳದ ಮೇಲೆ ಟ್ಯಾಂಕ್ ಡೆಕ್ ಕೂರಿಸಿದಾಗ, ಇಷ್ಟು ದಿನ ಓದಿ ತಿಳಿದದ್ದು ಕೈಗೆ ತಾಕಿದಂತಾಯಿತು. ಸಾಮಾನ್ಯ ಹಡಗಿನ ಒಡಲನ್ನು ಅಡ್ಡಗೋಡೆಗಳು ಕೋಣೆಗಳಾಗಿ ವಿಂಗಡಿಸುತ್ತವೆ. ಇಲ್ಲಿ ವಾಹನಗಳು ಹಿಂದಿನಿಂದ ಮುಂದಕ್ಕೆ ಹರಿದು ಹೊರಬರಬೇಕಾದ್ದರಿಂದ ಅಡ್ಡಗೋಡೆಯೇ ಇಲ್ಲದ ಒಂದೇ ಉದ್ದದ ಹಜಾರವಿದೆ. ಯಾವ ಗುಣಕ್ಕಾಗಿ ಈ ಹಡಗು ಹುಟ್ಟಿತೋ ಅದೇ ಗುಣ 1944ರಲ್ಲಿ ಅದನ್ನು ಸುಟ್ಟ ಬೆಂಕಿಗೂ ದಾರಿ ಬಿಟ್ಟಿತು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಬಲ ಪಕ್ಕವನ್ನು ಮುಚ್ಚದೆ, ಒಳಗಿನ ಹಜಾರ ಕಾಣುವಂತೆ ತೆರೆದೇ ಬಿಡಲು ತೀರ್ಮಾನಿಸಿದ್ದೇನೆ.

ನಾನು ತೋರಿಸಬಯಸುವುದು 1944ರ ಏಪ್ರಿಲ್ 27ರ ಸಂಜೆಯ ಹಡಗನ್ನು. ಅಮೆರಿಕದ ಇಂಡಿಯಾನಾ ರಾಜ್ಯದ ಜೆಫರ್ಸನ್‌ವಿಲ್‌ನಲ್ಲಿ ಕಟ್ಟಿದ ಈ ಹಡಗು ಅದೇ ಜನವರಿಯಲ್ಲಿ ನೌಕಾಪಡೆಗೆ ಸೇರಿತ್ತು. ಅದರ ಸೇವೆ ನಾಲ್ಕು ತಿಂಗಳೂ ತುಂಬಲಿಲ್ಲ. ಫ್ರಾನ್ಸಿನ ನಾರ್ಮಂಡಿ ತೀರದ ಮೇಲಿನ ದಾಳಿಯ ತಾಲೀಮಾಗಿ ಇಂಗ್ಲೆಂಡಿನ ಡೆವನ್ ತೀರದ ಸ್ಲ್ಯಾಪ್ಟನ್ ಸ್ಯಾಂಡ್ಸ್‌ನಲ್ಲಿ ನಡೆದ 'ಟೈಗರ್' ಕವಾಯತಿಗೆ ಎಂಟು ಎಲ್‌ಎಸ್‌ಟಿಗಳು ಸಾಲಾಗಿ ಹೊರಟವು. ಬ್ರಿಕ್ಸ್‌ಹ್ಯಾಮ್‌ನಿಂದ ಬಂದು ಸೇರಿಕೊಂಡ 507 ಸಾಲಿನ ಕೊನೆಯದು. ಕಾವಲಿಗಿದ್ದದ್ದು 'ಅಜೇಲಿಯಾ' ಎಂಬ ಒಂದೇ ಕಾರ್ವೆಟ್, ಅಂದರೆ ಸಣ್ಣ ಬೆಂಗಾವಲು ಯುದ್ಧನೌಕೆ. ಜೊತೆಗಿರಬೇಕಿದ್ದ 'ಸಿಮಿಟಾರ್' ವಿಧ್ವಂಸಕ ನೌಕೆ ಡಿಕ್ಕಿಯಲ್ಲಿ ಹಾನಿಗೊಂಡು ಪ್ಲಿಮತ್‌ನಲ್ಲೇ ಉಳಿದಿತ್ತು. ಆದೇಶಪತ್ರದಲ್ಲಿ ರೇಡಿಯೋ ತರಂಗಾಂತರ ತಪ್ಪಾಗಿ ಅಚ್ಚಾಗಿದ್ದರಿಂದ, ಶತ್ರು ದೋಣಿಗಳು ಹೊರಟಿವೆಯೆಂಬ ಎಚ್ಚರಿಕೆ ಎಲ್‌ಎಸ್‌ಟಿಗಳನ್ನು ಮುಟ್ಟಲೇ ಇಲ್ಲ.

28ರ ನಸುಕಿಗೆ ಮುನ್ನ, ಎರಡು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ಶೆರ್ಬೂರ್‌ನಿಂದ ಬಂದ ಒಂಬತ್ತು ಜರ್ಮನ್ ವೇಗದೋಣಿಗಳು ಲೈಮ್ ಕೊಲ್ಲಿಯಲ್ಲಿ ಎರಗಿದವು. 507ರ ಬಲ ಪಕ್ಕಕ್ಕೆ ಟಾರ್ಪೆಡೊ ಬಡಿದು ಸಹಾಯಕ ಎಂಜಿನ್ ಕೋಣೆ ಸಿಡಿಯಿತು. ವಿದ್ಯುತ್ ಹೋಯಿತು, ಅದರೊಡನೆ ಬೆಂಕಿ ನಂದಿಸುವ ಪಂಪುಗಳೂ ನಿಂತವು. ಇಂಧನ ತುಂಬಿದ ವಾಹನಗಳ ನಡುವೆ ಬೆಂಕಿ ಹಜಾರದುದ್ದಕ್ಕೂ ಓಡಿತು. ಅದೇ ಸಾಲಿನ 531 ಸುಮಾರು ಆರು ನಿಮಿಷಗಳಲ್ಲಿ ಮುಳುಗಿತು. 289 ಹಿಂಭಾಗ ನುಜ್ಜುಗುಜ್ಜಾದರೂ ಡಾರ್ಟ್‌ಮತ್ ಸೇರಿತು. ಸತ್ತವರ ಸಂಖ್ಯೆ 749 ಎಂಬುದು ಬಹುಕಾಲ ಒಪ್ಪಿಕೊಂಡು ಬಂದ ಲೆಕ್ಕ. ಗಾಳಿ ತುಂಬುವ ರಕ್ಷಣಾಪಟ್ಟಿಯನ್ನು ಕಂಕುಳ ಕೆಳಗೆ ಕಟ್ಟಬೇಕೆಂದು ಹೇಳಿಕೊಡದಿದ್ದ ಕಾರಣ ಸೊಂಟಕ್ಕೆ ಕಟ್ಟಿಕೊಂಡ ಅನೇಕ ಸೈನಿಕರು ಬೆನ್ನಹೊರೆಯ ಭಾರಕ್ಕೆ ತಲೆಕೆಳಗಾಗಿ ಮುಳುಗಿದರೆಂಬುದನ್ನು ಓದಿದ ದಿನ ನನಗೆ ಕೆಲಸ ಮುಂದುವರಿಸಲಾಗಲಿಲ್ಲ. ಹಿಂದಿರುಗಿ ಬಂದು ನೂರಕ್ಕೂ ಹೆಚ್ಚು ಜನರನ್ನು ನೀರಿನಿಂದ ಎತ್ತಿದ 515ರ ನಾಯಕ ಜಾನ್ ಡಾಯ್ಲ್ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು.

ಒಳಗಿನ ಸರಕಿನಲ್ಲಿ ನೆಲದಲ್ಲೂ ನೀರಿನಲ್ಲೂ ಸಾಗುವ 22 'ಡಕ್' ಲಾರಿಗಳಿದ್ದವು. ಒಂದೊಂದೂ 4.7 ಸೆಂಟಿಮೀಟರ್, ಮೂಲರೂಪವೊಂದನ್ನು ಕೆತ್ತಿ, ರಬ್ಬರ್ ಅಚ್ಚಿನಲ್ಲಿ ರೆಸಿನ್ ಎರೆದು ಈವರೆಗೆ 14 ತೆಗೆದಿದ್ದೇನೆ. ಗುಳ್ಳೆ ಬಿದ್ದ ಮೂರನ್ನು ಪುಟ್ಟಿ ಹಾಕಿ ತುಂಬಿ, ಮರಳು ಕಾಗದದಿಂದ ಉಜ್ಜಬೇಕು.

ಜರ್ಮನ್ ದೋಣಿಯನ್ನು ಪಕ್ಕದಲ್ಲಿಡುವ ಯೋಚನೆ ಮೊದಲಿತ್ತು. 35 ಮೀಟರಿನ ಅದು ಹದಿನೇಳೂವರೆ ಸೆಂಟಿಮೀಟರ್ ಆಗುತ್ತಿತ್ತು. ಈಗ ಕೈಬಿಟ್ಟಿದ್ದೇನೆ, ಏಕೆಂದರೆ ಆ ಸಂಜೆ ಹಡಗಿನಲ್ಲಿದ್ದವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಮುಂದಿನ ತಿಂಗಳು ಉಳಿದ ಎಂಟು ಲಾರಿಗಳು, ಆನಂತರ ಮೂತಿಯ ಬಾಗಿಲುಗಳು.