ಬಿಚ್ಚಿದ ಹನ್ನೊಂದು ಸಾಲು

11 ಅಕ್ಟೋಬರ್ 2025, ಶನಿವಾರ
ಕೊಪ್ಪಳ

ಶನಿವಾರ ಶನಿವಾರ ಊರಿನ ಹಿರಿಯ ಅಮ್ಮಂದಿರೂ ಕಾಲೇಜು ಹುಡುಗರೂ ಇಲ್ಲಿ ಕೂಡಿ ಕೂತು ಕೌದಿ ಹೊಲಿಯುತ್ತಾರೆ, ಅಂದರೆ ಹಳೇ ಸೀರೆಗಳನ್ನು ಪದರು ಪದರಾಗಿ ಇಟ್ಟು ಹೊಲಿಯುವ ಹಾಸುಹೊದಿಕೆ. ಇವತ್ತು ಒಂದು ಕೌದಿ ಬಿಚ್ಚಬೇಕಾಯಿತು. 11 ಸಾಲು. ಬಿಎ ಎರಡನೇ ವರ್ಷದ ಇಬ್ಬರು ಹುಡುಗರು ಎರಡು ಶನಿವಾರ ಬೆನ್ನು ಬಗ್ಗಿಸಿ ಕೂತು ಹೊಲಿದದ್ದು. ಮೂಲೆಮನಿ ದೊಡ್ಡಮ್ಮ ಬಂದವಳೇ ಚಪ್ಪಲಿ ಬಿಟ್ಟು, ಚಾದ ಕಪ್ಪನ್ನೂ ಮುಟ್ಟದೆ, ಅಂಗೈಯನ್ನ ಈ ತುದಿಯಿಂದ ಆ ತುದಿಗೆ ಆಡಿಸಿದಳು. ನಡುವೆ ಕೈ ನಿಂತಿತು. ಹಂಚಿನ ಮೇಲೆ ರೊಟ್ಟಿ ಉಬ್ಬಿದ ಹಾಗೆ ಬಟ್ಟೆ ಎದ್ದಿತ್ತು.

"ತಮ್ಮಾ, ಇದರ ಮ್ಯಾಲ ಮಲಗಿದ್ರ ಬೆನ್ನಿಗೆ ಒತ್ತತೈತಿ. ಬಿಚ್ಚು."

"ಅಮ್ಮಾ, ತೊಳದ್ರ ಕುಂದರತೈತಲ್ಲ?" ಹುಡುಗರಲ್ಲೊಬ್ಬ ಕೇಳಿದ.

"ತೊಳದ್ರ ಇನ್ನಾ ಏಳತೈತಿ."

ಅವಳು ಹೇಳಿದ್ದೇ ಖರೆ. ಹುಡುಗರ ಹೊಲಿಗೆಯಲ್ಲಿ ತಪ್ಪಿರಲಿಲ್ಲ, ಟಾಕಿ (ಸೂಜಿ ಹಾಕಿದ ಒಂದೊಂದು ಹೊಲಿಗೆ) ಸಣ್ಣಗೆ ನೇರವಾಗಿಯೇ ಬಿದ್ದಿದ್ದವು. ತಪ್ಪಾದದ್ದು ಅದಕ್ಕೂ ಮೊದಲು. ಒಬ್ಬ ಈ ಅಂಚಿನಿಂದ, ಇನ್ನೊಬ್ಬ ಆ ಅಂಚಿನಿಂದ ಶುರು ಮಾಡಿ ಇಬ್ಬರೂ ನಡುವಿಗೆ ಬಂದಿದ್ದರು. ಪ್ರತಿ ಸಾಲಿಗೂ ಮೇಲಿನ ಬಟ್ಟೆ ಕೂದಲೆಳೆಯಷ್ಟು ಮುಂದಕ್ಕೆ ಸರಿಯುತ್ತದೆ. ಎರಡೂ ಕಡೆಯಿಂದ ತಳ್ಳಿಕೊಂಡು ಬಂದ ಸಡಿಲು ನಡುವೆ ಸಿಕ್ಕಿಕೊಂಡರೆ ಅದಕ್ಕೆ ಹೋಗಲು ದಾರಿ ಎಲ್ಲಿದೆ? ಇಬ್ಬರು ಎದುರುಬದುರು ಕೂಡಬಹುದು, ಆದರೆ ನಡುವಿನಿಂದ ಶುರು ಮಾಡಿ ತಮ್ಮ ತಮ್ಮ ಅಂಚಿಗೆ ಸಡಿಲನ್ನು ತಳ್ಳಿಕೊಂಡು ಹೋಗಬೇಕು. ಇಲ್ಲವೇ ಮೊದಲು ಕಚ್ಚಾ ಹೊಲಿಗೆ ಹಾಕಬೇಕು: ಗೇಣಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ, ಬೆರಳುದ್ದದ ಟಾಕಿ, ಆಮೇಲೆ ಎಳೆದು ತೆಗೆಯಲು ಬೇರೆ ಬಣ್ಣದ ದಾರ. ಅರ್ಧ ತಾಸಿನ ಕೆಲಸ. ಹೋದ ತಿಂಗಳು ಅದನ್ನು ಬಿಟ್ಟಿದ್ದೇ ಇವತ್ತು ಹನ್ನೊಂದು ಸಾಲಾಗಿ ಎದ್ದು ಬಂತು.

ಕೇಳಿದ ಹುಡುಗನ ಮುಖ ಸಣ್ಣದಾಯಿತು. ದೊಡ್ಡಮ್ಮ ನೋಡಿಯೂ ನೋಡದ ಹಾಗೆ ಒಂದು ತುದಿ ಹಿಡಿದು ತಾನೇ ಬಿಚ್ಚಲು ಶುರು ಮಾಡಿದಳು. ಬಿಚ್ಚುವುದಕ್ಕೂ ಒಂದು ಕ್ರಮ ಇದೆ. ದಾರ ಹಿಡಿದು ಜಗ್ಗಬಾರದು, ಹಳೆ ಹತ್ತಿ ಚರ್ರನೆ ಹರಿಯುತ್ತದೆ. ನಾಲ್ಕೈದು ಟಾಕಿಗೊಂದು ಸಲ ದಾರ ಕತ್ತರಿಸಿ, ಬಟ್ಟೆ ಮಗುಚಿ ಹಿಂದಿನಿಂದ ಎಳೆದರೆ ತುಂಡು ತುಂಡಾಗಿ ಬರುತ್ತದೆ. ಆ ತುಂಡುಗಳನ್ನೂ ಅವಳು ಎಸೆಯಲಿಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡಳು. ಯಾಕೆಂದು ಯಾರೂ ಕೇಳಲಿಲ್ಲ.

ಹಿರಿಯರಿಗೆ ಶಾಲು ಹೊದಿಸುವ ಕಾರ್ಯಕ್ರಮದ ಕರೆಯೋಲೆ ಇನ್ನೂ ಮೇಜಿನ ಮೇಲೆ ಬಿದ್ದಿದೆ. ಅಕ್ಟೋಬರ್ 1 ಅಂತಾರಾಷ್ಟ್ರೀಯ ಹಿರಿಯ ನಾಗರಿಕರ ದಿನ, ವಿಶ್ವಸಂಸ್ಥೆ 1990ರಲ್ಲಿ ಗೊತ್ತು ಮಾಡಿದ್ದು. ಈ ವರ್ಷ ಅದೇ ದಿನ ಆಯುಧ ಪೂಜೆ ಬಂತು, ಹಾಗಾಗಿ ಕಾರ್ಯಕ್ರಮ ಮುಂದಕ್ಕೆ ಹೋಗಿದೆ. ಶಾಲು, ಹಾರ, ಹಣ್ಣು, ಫೋಟೋ. ಹಿರಿಯರು ವೇದಿಕೆಯ ಮೇಲೆ ಸುಮ್ಮನೆ ಕೂತಿರಬೇಕು, ಹುಡುಗರು ಕೆಳಗೆ ಕುರ್ಚಿ ಸಾಗಿಸಬೇಕು. ಇಬ್ಬರ ನಡುವೆ ಒಂದು ಮಾತೂ ಹುಟ್ಟುವುದಿಲ್ಲ. ಇಬ್ಬರ ಕೈಗೂ ಕೆಲಸ ಬೇಕು, ಅದೂ ಒಬ್ಬರಿಲ್ಲದೆ ಇನ್ನೊಬ್ಬರಿಗೆ ನೀಗದ ಕೆಲಸ. ತೊಗಲುಗೊಂಬೆಯವರನ್ನು ನೋಡಿ. ಇಲ್ಲೇ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಈ ವರ್ಷ ಪದ್ಮಶ್ರೀ ಬಂತಲ್ಲ, ಆ ಕಲೆ ಉಳಿದದ್ದೇ ಮನೆಮಂದಿ ಕೂಡಿ ಆಡುವುದರಿಂದ. ಪರದೆಯ ಹಿಂದೆ ಒಬ್ಬರು ಹಾಡಬೇಕು, ಒಬ್ಬರು ಗೊಂಬೆ ಕುಣಿಸಬೇಕು, ಒಬ್ಬರು ಮುಂದಿನ ಗೊಂಬೆ ಎತ್ತಿ ಕೊಡಬೇಕು. ಅಲ್ಲಿ ಸುಮ್ಮನೆ ಕೂತವರಿಗೆ ಜಾಗ ಇಲ್ಲ.

ಕೌದಿಯಲ್ಲಿ ಆ ಜಾಗ ತಾನಾಗಿ ಸಿಗುತ್ತದೆ, ಸೂಜಿಗೆ ದಾರ ಪೋಣಿಸುವಲ್ಲಿ. ಎಪ್ಪತ್ತರ ಕೈಗೆ ಹೊಲಿಗೆ ಬರುತ್ತದೆ, ಕಣ್ಣಿಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಇಪ್ಪತ್ತರ ಕಣ್ಣಿಗೆ ಎಲ್ಲ ಕಾಣುತ್ತದೆ, ಕೈಗೆ ಬಟ್ಟೆಯ ಸಡಿಲು ಗೊತ್ತಾಗುವುದಿಲ್ಲ. ಆರು ಮಂದಿ ಎರಡು ತಾಸು ಹೊಲಿದರೆ ಸುಮಾರು 40 ಸಲ ದಾರ ಪೋಣಿಸಬೇಕು. ಅದನ್ನು ಮೊದಲ ಕಾಲು ತಾಸಿನಲ್ಲೇ ಹುಡುಗರು ಮುಗಿಸಿಡುತ್ತಾರೆ. ಜೋಡಿ ಮಾಡಿದ ಮೇಲೆ ದಾರದ ಉದ್ದ ಮೀಟರಿಗಿಂತ ಸ್ವಲ್ಪ ಹೆಚ್ಚು, ತುದಿಗೆ ಗಂಟು. ಅದಕ್ಕಿಂತ ಉದ್ದ ಬಿಟ್ಟರೆ ಹುರಿ ಬಿದ್ದು ಸಿಕ್ಕಾಗುತ್ತದೆ. ಒಂದು ಸಲ ಮೇಣದಬತ್ತಿಗೆ ಉಜ್ಜಿದರೆ ದಾರ ಜಾರುತ್ತದೆ, ಎಳೆ ಬಿಡುವುದಿಲ್ಲ. ಪೋಣಿಸಿದ ಸೂಜಿಗಳನ್ನೆಲ್ಲ ಒಂದು ಬಟ್ಟೆ ಸೋಪಿಗೆ ಚುಚ್ಚಿ ಸಾಲಾಗಿ ನಿಲ್ಲಿಸುವುದು. ಸೋಪು ಹತ್ತಿದ ಸೂಜಿ ಐದು ಪದರು ದಾಟುವಾಗ ಸಲೀಸು, ಬೆರಳಿಗೆ ನೋವು ಕಡಿಮೆ. ಕಡುಬಣ್ಣದ ಬಟ್ಟೆಗೆ ಬಿಳಿ ದಾರವೇ ಇರಲಿ. ಕಪ್ಪಿನ ಮೇಲೆ ಕಪ್ಪು ದಾರ ಕೊಟ್ಟ ದಿನ ಮೂವರು ಅಮ್ಮಂದಿರು ತಲೆನೋವೆಂದು ಬೇಗ ಎದ್ದು ಹೋದರು.

ಒಂದು ಕೌದಿಗೆ ಎಷ್ಟು ಬಟ್ಟೆ, ದಾರ, ಹೊತ್ತು ಬೇಕೆಂದು ಲೆಕ್ಕ ಕೇಳಿದವರಿಗೆ ಇಲ್ಲಿ ಬರೆದಿಡುತ್ತೇನೆ. ಐದೂವರೆ ಮೀಟರಿನ ಹತ್ತಿ ಸೀರೆಯನ್ನು ಮೂರು ಮಡಿಕೆ ಹಾಕಿದರೆ 6 ಅಡಿ ಉದ್ದ, 4 ಅಡಿಗೆ ತುಸು ಕಡಿಮೆ ಅಗಲ, ಮೂರು ಪದರು. ಹಳೇ 8 ಗಜದ ಇಳಕಲ್ ಸಿಕ್ಕರೆ ಅದೇ ಉದ್ದಕ್ಕೆ ನಾಲ್ಕು ಪದರು, ಆದರೆ ರೇಷ್ಮೆ ಅಂಚನ್ನೂ ಸೆರಗನ್ನೂ ಮೊದಲು ಕತ್ತರಿಸಿ ಬೇರೆ ಇಡಬೇಕು, ಅಲ್ಲಿ ಸೂಜಿ ಇಳಿಯುವುದಿಲ್ಲ. ಅದರ ಮೇಲೊಂದು ತುಂಡು ಜೋಡಿಸಿದ ಹಾಸು, ಕೆಳಗೊಂದು ಧೋತರ ಅಥವಾ ಕೋರಾ ಬಟ್ಟೆ (ಇನ್ನೂ ನೀರು ಕಾಣದ ಹೊಸ ಬಟ್ಟೆ). ಒಟ್ಟು ಐದಾರು ಪದರು. ಏಳಾದರೆ ಬೆರಳು ಸೋಲುತ್ತದೆ. ಸಾಲಿಗೂ ಸಾಲಿಗೂ ಒಂದು ಬೆರಳಗಲ ಬಿಟ್ಟರೆ ಹತ್ತಿರ ಹತ್ತಿರ 57 ಸಾಲು, 105 ಮೀಟರ್ ಹೊಲಿಗೆ. ಟಾಕಿಯ ಏರಿಳಿತ, ಗಂಟು ಸೇರಿಸಿ ಜೋಡೆಳೆಗೆ 240 ಮೀಟರ್ ದಾರ. ಹೊಸಬರು ತಾಸಿಗೆ ಮೂರು ಮೀಟರ್ ಹೊಲಿಯುತ್ತಾರೆ. ಆರು ಮಂದಿ, ವಾರಕ್ಕೆ ಎರಡು ತಾಸು, ಅಂದರೆ ಮೂರು ವಾರಕ್ಕೆ ಒಂದು ಕೌದಿ. ಮಾತು ಜಾಸ್ತಿಯಾದರೆ ನಾಲ್ಕು. ನಾಲ್ಕೇ ಚಲೋ.

ಕೋರಾ ಬಟ್ಟೆಯನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಿ ಒಣಗಿಸಲೇಬೇಕು. ಹಳೇ ಸೀರೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ, ಹೊಸ ಬಟ್ಟೆ ಕೌದಿಯಾದ ಮೇಲೆ ಕುಗ್ಗುತ್ತದೆ, ಆಗ ಇಡೀ ಕೌದಿ ಹಪ್ಪಳದ ಹಾಗೆ ಮುರುಟುತ್ತದೆ. ದೊಡ್ಡಮ್ಮ ಹೇಳಿದ "ತೊಳದ್ರ ಇನ್ನಾ ಏಳತೈತಿ" ಇದೇ. ಪಾಲಿಸ್ಟರ್ ಸೀರೆ ಒಳಪದರಿಗೆ ಬೇಡ. ಜನ ಕೊಡುವುದು ಈಗ ಅದನ್ನೇ, ಹತ್ತು ಸೀರೆ ತಂದರೆ ಎಂಟು ಅದೇ. ಅದು ಕುಗ್ಗುವುದಿಲ್ಲ, ಬೆವರು ಹೀರುವುದಿಲ್ಲ, ಪದರುಗಳ ನಡುವೆ ಜಾರಿ ಮೂಲೆಗೆ ಸೇರುತ್ತದೆ. ಮೇಲಿನ ತುಂಡಿಗೆ ಅಲ್ಲಿಲ್ಲಿ ಬಳಸಬಹುದು. ಹೀಗೆಂದು ಸೀರೆ ತಂದುಕೊಟ್ಟವರಿಗೆ ಹೇಳುವುದು ಮಾತ್ರ ಕಷ್ಟ.

ಒಗೆಯುವ ಮಾತು ಬಂತಲ್ಲ. ದಸರಾಕ್ಕೆ ಮುಂಚೆ ಹಾಸಿಗೆ ಒಗೆಯುವಾಗ ನಾಲ್ಕು ಕೌದಿ ಒಟ್ಟಿಗೆ ಒಗೆದರು. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗುವುದಿಲ್ಲ. ಅಮ್ಮಂದಿರು ಮನೆಯಲ್ಲಿ ಕೌದಿ ಬಿಟ್ಟು ಬ್ಲಾಂಕೆಟ್ ಹಿಡಿದದ್ದಕ್ಕೆ ಅರ್ಧ ಕಾರಣ ಇದೇ, ಎತ್ತಿ ಹಿಂಡುವವರು ಇಲ್ಲ. ಹುಡುಗರು ಎರಡು ತುದಿ ಹಿಡಿದು ತಿರುವಿದರು. ಪೂರ್ತಿ ತಿರುವಬಾರದು, ದಾರ ಕಡಿಯುತ್ತದೆ. ಮಡಿಸಿ ಕಲ್ಲಿನ ಮೇಲಿಟ್ಟು ಒತ್ತಿ ನೀರು ಇಳಿಸಬೇಕು. ಎರಡು ದಿನ ಬಿಸಿಲು, ದಿನಕ್ಕೆ ಎರಡು ಸಲ ಮಗುಚುವುದು. ಮೇಲೆ ಒಣಗಿದಂತೆ ಕಂಡರೂ ಒಳಪದರು ಹಸಿ ಇರುತ್ತದೆ, ಹಾಗೇ ಮಡಿಸಿಟ್ಟರೆ ವಾರದಲ್ಲಿ ಮುಗ್ಗಲು ವಾಸನೆ. ಹಿರೇಹಳ್ಳದಲ್ಲಿ ಒಗೆಯುತ್ತಿದ್ದ ಕಾಲ ಅಮ್ಮಂದಿರ ಬಾಯಲ್ಲಿ ದಿನಾ ಬರುತ್ತದೆ. ನಡುವೆ ಆ ಹಳ್ಳ ಜಾಲಿ, ಹೂಳು ತುಂಬಿ ಹಾಳಾಗಿತ್ತು. 2019ರಲ್ಲಿ ಗವಿಮಠದ ಸ್ವಾಮಿಗಳು ಮುಂದೆ ನಿಂತು ಸ್ವಚ್ಛ ಮಾಡಿಸಿದಾಗ ಊರೂರಿನ ಜನ ಇಳಿದಿದ್ದರು. ಅಲ್ಲೂ ಅಷ್ಟೇ, ಸಲಿಕೆ ಹಿಡಿದ ಸಾಲಿನಲ್ಲಿ ಯಾರೂ ವಯಸ್ಸು ಕೇಳಲಿಲ್ಲ.

ಸಾಕು, ಇದು ಎಲ್ಲಿಗೋ ಹೋಯಿತು.

ಬೇರೆ ಊರಿನಲ್ಲಿ ಇಂಥದ್ದು ಶುರು ಮಾಡಬೇಕೆಂದು ಗಂಗಾವತಿ ಕಡೆಯವರು ಕೇಳಿದ್ದರು. ಅವರಿಗೆ ಹೇಳಿದ್ದು ಇಷ್ಟು. ಜಾಗಕ್ಕೆ ಪಂಚಾಯಿತಿಯ ಅರಿವು ಕೇಂದ್ರ (ಊರಿನ ಗ್ರಂಥಾಲಯ) ಆಗುತ್ತದೆ, ಆದರೆ ಮೊದಲು ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ. ಅದು ಸಿಗದಿದ್ದರೆ ಅಮ್ಮಂದಿರು ಎರಡನೇ ವಾರಕ್ಕೆ ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಹೊತ್ತು ಮಧ್ಯಾಹ್ನ 2ರಿಂದ 4, ಕಿಟಕಿ ಬೆಳಕು ಇರುವಾಗ. ಹತ್ತಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಯಾರೂ ಬರುವುದಿಲ್ಲ, ಬೇಸರ ಬೇಡ. ಮೊಣಕಾಲು ನೋವಿನವರಿಗೆ ಎರಡು ಬೆಂಚು ಜೋಡಿಸಿ ಅದರ ಮೇಲೆ ಕೌದಿ ಹಾಸಿ, ಬೆನ್ನಿರುವ ಕುರ್ಚಿ ಕೊಡಿ. ನೆಲದ ಮೇಲೆ ಕೂಡುವವರು ಕೂಡಲಿ. ಒಬ್ಬ ಹಿರಿಯರಿಗೆ ಒಬ್ಬರೇ ಹುಡುಗರು, ಹೆಚ್ಚೆಂದರೆ ಇಬ್ಬರು. ಮೂವರಾದರೆ ಅವರವರೇ ಮಾತಾಡಿಕೊಳ್ಳುತ್ತಾರೆ. ಜೋಡಿಯನ್ನು ಒಂದು ಕೌದಿ ಮುಗಿಯುವತನಕ ಬದಲಿಸಬೇಡಿ. ಸ್ವಂತ ಅಜ್ಜಿ ಮೊಮ್ಮಗಳನ್ನು ಜೋಡಿ ಮಾಡಲೇಬೇಡಿ, ಮನೆಯ ಜಗಳ ಕೌದಿಗೆ ಬರುತ್ತದೆ.

ಹುಡುಗರು ಬರುವುದು ಎನ್ನೆಸ್ಸೆಸ್ (ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ) ತಾಸಿಗಾಗಿ. ವರ್ಷಕ್ಕೆ 120, ಎರಡು ವರ್ಷಕ್ಕೆ 240 ತಾಸು ತುಂಬಬೇಕು. ಅದಕ್ಕೆ ಮೂಗು ಮುರಿಯುವವರಿದ್ದಾರೆ. ಬರಲಿ ಬಿಡಿ. ಹಾಜರಿ ಪುಸ್ತಕಕ್ಕೆ ಬಂದವನು ತಾಸು ತುಂಬಿದ ಮೇಲೂ ಬರುತ್ತಾನೋ ಇಲ್ಲವೋ ಎನ್ನುವುದಷ್ಟೇ ನೋಡಬೇಕಾದ್ದು. ಇಲ್ಲಿಯತನಕ ಹಾಗೆ ಬರುತ್ತಿರುವವರು ನಾಲ್ವರು.

ಮಾತಾಡುವುದನ್ನೂ ಕಲಿಸಬೇಕಾಗುತ್ತದೆ. ಕಿವಿ ಮಂದವಾದವರ ಹತ್ತಿರ ಹುಡುಗರು ಚೀರುತ್ತಾರೆ. ವಯಸ್ಸಾದಂತೆ ಮೊದಲು ಕೇಳಿಸದಾಗುವುದು ತೀಕ್ಷ್ಣ ಸ್ವರ, ಚೀರಿದರೆ ದನಿ ಇನ್ನೂ ಮೇಲೇರುತ್ತದೆ, ಇನ್ನೂ ತಿಳಿಯುವುದಿಲ್ಲ. ಫ್ಯಾನ್ ಬಂದ್ ಮಾಡಿ, ಎದುರಿಗೆ ಕೂತು, ದನಿ ತಗ್ಗಿಸಿ, ನಿಧಾನ. ಅಷ್ಟೇ.

ಮೊಬೈಲ್ ತರಗತಿ ಅಂತ ಬೇರೆ ಇಟ್ಟಾಗ ಮೂರೇ ಮಂದಿ ಬಂದಿದ್ದರು. ಈಗ ಇಡುವುದಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಫೋನು ತಾನಾಗಿ ಸೆರಗಿನಿಂದ ಹೊರಗೆ ಬರುತ್ತದೆ, "ಗೃಹಲಕ್ಷ್ಮಿ ರೊಕ್ಕ ಬಂದೈತೇನು ನೋಡ ಯಪ್ಪಾ" ಅಂತ. ಆಗ ತೋರಿಸಿದ್ದು ನೆನಪಿನಲ್ಲಿ ನಿಲ್ಲುತ್ತದೆ. ಅಕ್ಷರ ದೊಡ್ಡದು ಮಾಡುವುದು ಎಲ್ಲರಿಗೂ ಗೊತ್ತು. ಗೊತ್ತಿರದ ಒಂದು ಇದೆ: ಹಿರಿಯರ ಬೆರಳು ತೆರೆಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ, ಫೋನು ಅದನ್ನು ಒತ್ತಿ ಹಿಡಿದದ್ದು ಎಂದುಕೊಂಡು ಬೇರೇನೋ ತೆರೆಯುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಒತ್ತಿ ಹಿಡಿಯುವ ಅವಧಿಯನ್ನು 'ಉದ್ದ' ಮಾಡಿದರೆ ಅರ್ಧ ಗೋಳು ತೀರುತ್ತದೆ. ಒಣಗಿದ ಬೆರಳನ್ನು ಫೋನು ಗುರುತಿಸದಿದ್ದರೆ ಒದ್ದೆ ಬಟ್ಟೆಗೆ ಒರೆಸಿ ಮುಟ್ಟಬೇಕು. ಇನ್ನೊಂದನ್ನು ಪ್ರತಿ ವಾರವೂ ಹೇಳಿಸುವುದು: ರೊಕ್ಕ ಬರಲು ಪಿನ್ ಬೇಕಾಗುವುದಿಲ್ಲ, ರೊಕ್ಕ ಬರುತ್ತದೆಂದು ಹೇಳಿ ಪಿನ್ ಕೇಳಿದರೆ ರೊಕ್ಕ ಹೋಗುತ್ತದೆ. ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು. ಹುಡುಗರು ಅಮ್ಮಂದಿರ ಪಿನ್ ತಾವೇ ಒತ್ತಿಕೊಡಬಾರದು, ಎಷ್ಟೇ ನಂಬಿಕೆಯಿದ್ದರೂ. ಈ ಒಂದು ವಿಷಯದಲ್ಲಿ ಸಲಿಗೆ ಇಲ್ಲ.

ಸಂಜೆ ಎಲ್ಲ ಮಡಿಸುವಾಗ ಒಬ್ಬರು ಹೇಳಿದರು, ಜನವರಿಯಲ್ಲಿ ಗವಿಮಠದ ಜಾತ್ರೆಗೆ ಅಂಗಡಿ ಹಾಕೋಣ, ಕೌದಿ ಮಾರೋಣ ಅಂತ. ತಪ್ಪೇನಿಲ್ಲ. ದಾರ, ಚಾ, ಮೇಣ ಎಲ್ಲಕ್ಕೂ ರೊಕ್ಕ ಬೇಕು. ಮೂವತ್ತಾರು ತಾಸಿನ ಕೈಕೆಲಸಕ್ಕೆ ಬೆಲೆ ಎಷ್ಟು ಬರೆಯುವುದು ಎನ್ನುವಲ್ಲಿಗೆ ಮಾತು ನಿಂತಿತು. ದಿನಗೂಲಿಯ ಲೆಕ್ಕ ಹಾಕಿದರೆ ಯಾರೂ ಕೊಳ್ಳುವುದಿಲ್ಲ, ಬ್ಲಾಂಕೆಟ್ಟಿನ ಬೆಲೆಗೆ ಕೊಟ್ಟರೆ ಅಮ್ಮಂದಿರು ನಾಳೆಯಿಂದ ಬರುವುದಿಲ್ಲ.

ದೊಡ್ಡಮ್ಮ ಅದನ್ನೆಲ್ಲ ಕೇಳುತ್ತಾ ಕೈಚೀಲದಿಂದ ಒಂದು ಹಸಿರು ಸೀರೆ ತೆಗೆದು ಆ ಹುಡುಗನ ಮಡಿಲಿಗೆ ಹಾಕಿದಳು. ಅರ್ಧ ಗಂಟೆ ಮುಂಚೆ ಹನ್ನೊಂದು ಸಾಲು ಬಿಚ್ಚಿಸಿದ್ದಳಲ್ಲ, ಅವನಿಗೇ.

"ಮುಂದಿನ ಕೌದಿಗೆ ಇದನ್ನ ಒಳಗ ಹಾಕು. ಮ್ಯಾಲ ಕಾಣಬಾರದು."

"ಯಾರದಿದು ಅಮ್ಮಾ?"

"ಹತ್ತೀದು ಐತಿ, ಜಾರಂಗಿಲ್ಲ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದಳು. ಹುಡುಗ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದ. ಬಟ್ಟೆ ಗಟ್ಟಿಯಿದೆ, ನಿರಿಗೆಯ ಗೆರೆಗಳು ಇನ್ನೂ ಮಾಸಿಲ್ಲ, ಹೆಚ್ಚು ಉಟ್ಟದ್ದಲ್ಲ. ಒಂದೇ ಕಡೆ, ಸೆರಗಿನಿಂದ ಎರಡು ಮೊಳ ಈಚೆಗೆ, ಅಂಗೈಯಗಲ ಹರಿದಿದೆ. ಮೂರು ಮಡಿಕೆ ಹಾಕಿದರೆ ಆ ಹರಿದದ್ದು ಮೇಲಿನ ಪದರಿನ ನಟ್ಟನಡುವೆ ಬರುತ್ತದೆ, ಅಲ್ಲಿ ಟಾಕಿ ಹಿಡಿಯುವುದಿಲ್ಲ. ಸೆರಗಿನ ಕಡೆಯಿಂದ ಮಡಿಸುತ್ತಾ ಬಂದು ಅದನ್ನು ಕೆಳಗಿನ ಪದರಿಗೆ ತಂದರೆ, ಧೋತರಕ್ಕೆ ಸೇರಿಸಿ ಮೊದಲೇ ತೇಪೆ ಹಾಕಬಹುದು. ಆದರೆ ಜಾತ್ರೆಯಲ್ಲಿ ಮಾರುವ ಕೌದಿಗೆ ಇದನ್ನು ಹಾಕುವುದು ಹೇಗೆ?