ಚಿನ್ನಿಯ ನವೆಗೆ ಕಾರಣ ಹಿತ್ತಲಲ್ಲಿ ಸಿಕ್ಕಿತು

ಜನವರಿಯ ಒಂದು ಬೆಳಿಗ್ಗೆ ಕ್ಯಾತ್ಸಂದ್ರದ ಕಡೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಪಂಜರಕ್ಕೆ ಟವೆಲ್ ಸುತ್ತಿಕೊಂಡು ನನ್ನ ಕ್ಲಿನಿಕ್‌ಗೆ ಬಂದರು. ಒಳಗಿದ್ದದ್ದು ಬೂದು ಬಣ್ಣದ ಕಾಕಟೀಲ್, ಜುಟ್ಟಿರುವ ಪುಟ್ಟ ಗಿಳಿ ಜಾತಿ. ಹೆಸರು ಚಿನ್ನಿ, ವಯಸ್ಸು 4.

"ಡಾಕ್ಟ್ರಮ್ಮ, ಇಡೀ ದಿನ ಮೈ ಕಚ್ಕೊಳ್ತಾನೇ ಇರುತ್ತೆ. ಕಾಳು ತಿನ್ನೋಕೂ ಅದಕ್ಕೆ ಪುರಸೊತ್ತಿಲ್ಲ," ಅಂದರು.

ಟವೆಲ್ ತೆಗೆದೆ. ಜುಟ್ಟು ನೆಟ್ಟಗಿತ್ತು, ಕೆನ್ನೆಯ ಕಿತ್ತಳೆ ಬೊಟ್ಟು ಅಚ್ಚುಕಟ್ಟಾಗಿತ್ತು. ಎದೆ ಮತ್ತು ರೆಕ್ಕೆಯ ಅಡಿ ಮಾತ್ರ ಅಲ್ಲಲ್ಲಿ ಬೋಳು, ಚರ್ಮ ಒಣಗಿ ಹೊಟ್ಟು ಎದ್ದಿತ್ತು. ಹೊರಗೆ ಬೆಂಚಿನ ಮೇಲೆ ಇನ್ನೂ ಐದಾರು ಜನ ನಾಯಿ ಹಿಡಿದು ಕೂತಿದ್ದರು. ನುಸಿ ಇರಬೇಕು ಅಂದುಕೊಂಡೆ. ತೂಕ ನೋಡಿ, ಕತ್ತಿನ ಹಿಂದೆ ನುಸಿ ಕೊಲ್ಲುವ ಐವರ್ಮೆಕ್ಟಿನ್ ಹನಿ ಹಾಕಿ, ಹತ್ತು ದಿನ ಬಿಟ್ಟು ಬನ್ನಿ ಮೇಷ್ಟ್ರೇ ಅಂತ ಕಳಿಸಿದೆ. ಚರ್ಮ ಕೆರೆದು ಮೈಕ್ರೋಸ್ಕೋಪ್‌ನಲ್ಲಿ ನೋಡಲಿಲ್ಲ. ಪಂಜರ ಮನೆಯಲ್ಲಿ ಎಲ್ಲಿರುತ್ತೆ, ಏನು ತಿನ್ನುತ್ತೆ ಅಂತ ಒಂದು ಮಾತು ಕೇಳಲಿಲ್ಲ.

ಕಣ್ಣೆದುರಿಗಿದ್ದ ಸುಳಿವನ್ನೂ ಓದಲಿಲ್ಲ. ಹಕ್ಕಿಯ ಕೊಕ್ಕು ಅದರ ತಲೆಗೆ ಎಟುಕುವುದಿಲ್ಲ. ತಲೆಯ ಗರಿ ಪೂರ್ತಿ ಇದ್ದು ಕತ್ತಿನಿಂದ ಕೆಳಗೆ ಬೋಳಾಗಿದ್ದರೆ, ಅದು ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುತ್ತಿದೆ ಅಂತಲೇ ಹೆಚ್ಚುಪಾಲು ಅರ್ಥ. ತಲೆಯೂ ಬೋಳಾಗಿದ್ದರೆ ಜೊತೆಗಿರುವ ಹಕ್ಕಿ ಕೀಳುತ್ತಿರಬಹುದು, ಇಲ್ಲವೇ ಕೊಕ್ಕು ಮತ್ತು ಗರಿಯನ್ನು ಹಾಳು ಮಾಡುವ ವೈರಸ್ ಕಾಯಿಲೆ ಇರಬಹುದು, ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಚಿನ್ನಿಯ ಜುಟ್ಟು ನನಗೆ ಇಷ್ಟನ್ನೂ ಹೇಳುತ್ತಿತ್ತು.

ಹತ್ತು ದಿನ ಕಾಯದೆ ಏಳನೇ ದಿನಕ್ಕೇ ಮೇಷ್ಟ್ರು ಮತ್ತೆ ಬಂದರು. ಈ ಸಲ ಅವರ ಹೆಂಡತಿಯೂ ಜೊತೆಗಿದ್ದರು. ಪಂಜರದ ಬಾಗಿಲು ತೆಗೆಯುವ ಮೊದಲೇ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಎದೆಯ ಗರಿಗಳೆಲ್ಲ ಒದ್ದೆ ಬತ್ತಿಯ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು, ಹಕ್ಕಿ ಮೈ ಮುದುಡಿಕೊಂಡು ನಡುಗುತ್ತಿತ್ತು. "ಮೈ ಒಣಗೈತಲ್ಲಮ್ಮ, ಅದಕ್ಕೆ ತಿಪಟೂರಿಂದ ತರಿಸಿದ ಗಾಣದ ಎಣ್ಣೆಗೆ ಒಂಚೂರು ಅರಿಶಿನ ಹಾಕಿ ಸವರಿದೆ," ಅಂದರು ಆ ಅಮ್ಮ. ಅವರನ್ನು ಗದರಿಸುವ ಹಕ್ಕು ನನಗಿರಲಿಲ್ಲ. ತೆಂಗಿನ ಸೀಮೆಯಲ್ಲಿ ಮಗುವಿನ ತಲೆಗಾಗಲಿ, ಒಡೆದ ಹಿಮ್ಮಡಿಗಾಗಲಿ ನಾವೆಲ್ಲ ಹಚ್ಚುವುದು ಅದನ್ನೇ. ಹಕ್ಕಿಗೆ ಹಚ್ಚಬಾರದು ಅಂತ ಮೊದಲ ದಿನವೇ ಹೇಳಬೇಕಾಗಿದ್ದವಳು ನಾನು.

ಹಚ್ಚಬಾರದು ಏಕೆಂದರೆ, ಗರಿಗಳ ನಡುವೆ ನಿಲ್ಲುವ ಗಾಳಿಯೇ ಹಕ್ಕಿಗೆ ಕಂಬಳಿ. ಎಣ್ಣೆ ಬಿದ್ದರೆ ಗರಿ ಅಂಟಿಕೊಂಡು ಆ ಗಾಳಿ ಹೋಗುತ್ತೆ, ಚಳಿ ನೇರ ಮೈಗೆ ಹತ್ತುತ್ತೆ. ಅಂಟು ಬಿಡಿಸಿಕೊಳ್ಳಲು ಅದು ಇನ್ನೂ ಜಾಸ್ತಿ ಕೊಕ್ಕಾಡಿಸುತ್ತೆ, ಎಣ್ಣೆ ಹೊಟ್ಟೆಗೂ ಹೋಗುತ್ತೆ. ಅದಕ್ಕೆ ಬೇಕಾದ ಎಣ್ಣೆ ಬಾಲದ ಬುಡದ ಪುಟ್ಟ ಗ್ರಂಥಿಯಲ್ಲೇ ಇರುತ್ತೆ. ಕಾಕಟೀಲ್‌ಗೆ ಇದರ ಜೊತೆಗೆ ಮೈಯಿಂದ ಉದುರುವ ಬಿಳಿ ಪುಡಿಯೂ ಉಂಟು. ಕೈಗೆ ಹತ್ತುವ ಆ ಪುಡಿ ಕಾಯಿಲೆಯಲ್ಲ, ಗರಿಯ ಕಾವಲು.

ಆ ದಿನ ಮಾಡಿದ ಕೆಲಸವನ್ನು ಮನೆಯಲ್ಲಿ ಯಾರೂ ಮಾಡಲು ಹೋಗಬೇಡಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೌಮ್ಯವಾದ ದ್ರವವನ್ನು ಹನಿಹನಿಯಾಗಿ ಬೆರೆಸಿ, ಗರಿ ಇಳಿದ ದಿಕ್ಕಿನಲ್ಲೇ ಸವರಿ, ಶುದ್ಧ ನೀರಲ್ಲಿ ಎರಡು ಮೂರು ಸಲ ತೊಳೆದೆವು. ಸಹಾಯಕ ಹುಡುಗನಿಗೆ ಹೇಳಿದ್ದು ಒಂದೇ ಮಾತು: "ಎದೆ ಅದುಮಬೇಡ." ಹಕ್ಕಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವೆ ಉಸಿರೆಳೆಯುವ ಸ್ನಾಯುವಿನ ಪರದೆ, ಇಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಉಸಿರು. ಬಿಗಿಯಾಗಿ ಹಿಡಿದರೆ ಕೈಯಲ್ಲೇ ಪ್ರಾಣ ಹೋಗುತ್ತೆ. ಚಿನ್ನಿ ಒಣಗಿ ಕಾಳು ಮುಟ್ಟುವವರೆಗೂ ದೀಪದ ಬಿಸಿಯಲ್ಲಿ ಕೂರಿಸಿದ್ದೆವು. ಚರ್ಮವನ್ನು ಕೆರೆದು ನೋಡಿದ್ದೂ ಆವತ್ತೇ. ನುಸಿಯಿರಲಿಲ್ಲ. ಹಿಕ್ಕೆಯಲ್ಲಿ ಜಿಯಾರ್ಡಿಯಾ ಎಂಬ ಕರುಳಿನ ಪರೋಪಜೀವಿ ಇದೆಯೇ ಅಂತಲೂ ನೋಡಿದೆ, ಕಾಕಟೀಲ್‌ಗಳಲ್ಲಿ ನವೆಗೆ ಅದೂ ಒಂದು ಕಾರಣ. ಅದೂ ಇರಲಿಲ್ಲ.

ಸಂಜೆ ಕ್ಲಿನಿಕ್ ಮುಚ್ಚಿ ಚಿನ್ನಿಯನ್ನು ನಾನೇ ಮನೆಗೆ ಬಿಡಲು ಹೋದೆ. ಪಂಜರದ ಜಾಗ ದೇವರ ಕೋಣೆಯ ಬಾಗಿಲಿನ ಪಕ್ಕ, ಗೋಡೆಯ ಮೊಳೆಗೆ. ಮುಂಜಾನೆ ಊದುಬತ್ತಿ, ಶುಕ್ರವಾರ ಸಾಂಬ್ರಾಣಿ, ರಾತ್ರಿ ಸೊಳ್ಳೆ ಬತ್ತಿ. ಎದುರಿಗೆ ಟಿವಿ, ಹನ್ನೊಂದರವರೆಗೆ ಓಡುತ್ತೆ. ಬಟ್ಟಲಲ್ಲಿ ಬರೀ ಸೂರ್ಯಕಾಂತಿ ಬೀಜ. ಹೊಗೆ ಹಕ್ಕಿಯ ಉಸಿರಿಗೂ ಚರ್ಮಕ್ಕೂ ಕೆಟ್ಟದ್ದು. 10ರಿಂದ 12 ಗಂಟೆ ಕತ್ತಲೆಯ ನಿದ್ದೆ ಇಲ್ಲದಿದ್ದರೆ ಗಿಳಿ ಜಾತಿ ಕಿರಿಕಿರಿಯಾಗುತ್ತೆ. ಬರೀ ಸೂರ್ಯಕಾಂತಿ ತಿಂದರೆ ವಿಟಮಿನ್ ಎ ಸಾಲದೆ ಚರ್ಮ ಒರಟಾಗುತ್ತೆ. ಇಷ್ಟು ಸಿಕ್ಕಿತಲ್ಲ ಅಂತ ಎದ್ದು ಹೊರಟವಳು, ಯಾಕೋ ಒಂದು ಪ್ರಶ್ನೆ ಕೇಳಿದೆ: "ಪಂಜರ ಮೊದಲಿನಿಂದ ಇಲ್ಲೇ ಇತ್ತಾ?"

ಅಮ್ಮ ಹಿತ್ತಲಿಗೆ ಕರೆದುಕೊಂಡು ಹೋದರು. ಮೂರು ವರ್ಷ ಪಂಜರ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಸೀಬೆ ಮರದ ಕೊಂಬೆಗೆ ತೂಗುತ್ತಿತ್ತಂತೆ. ಅವರು ಬಟ್ಟೆ ಕುಕ್ಕುವಾಗ ನೀರು ಚಿಮ್ಮುತ್ತಿತ್ತು, ಚಿನ್ನಿ ರೆಕ್ಕೆ ಬಿಡಿಸಿ ತಲೆಕೆಳಗಾಗಿ ಜೋತುಬಿದ್ದು ಒದ್ದೆಯಾಗುತ್ತಿತ್ತು. ದೀಪಾವಳಿ ಹೊತ್ತಿಗೆ ಬೀದಿ ಬೆಕ್ಕೊಂದು ಪಂಜರಕ್ಕೆ ಹಾರಿದ್ದಕ್ಕೆ ಹೆದರಿ ಒಳಗೆ ತಂದರು. ದಿನದ ಸ್ನಾನ, ಎಳೆ ಬಿಸಿಲು, ಬಟ್ಟೆ ಒಗೆಯುತ್ತ ಅಮ್ಮ ಆಡುತ್ತಿದ್ದ ಮಾತು, ಮೂರೂ ಒಂದೇ ದಿನ ನಿಂತಿದ್ದವು. ಅದರ ಮೇಲೆ ನಮ್ಮೂರಿನ ಚಳಿಗಾಲದ ಒಣ ಹವೆ.

ಮದ್ದಿಗೆ ಚೀಟಿ ಬರೆಯಲಿಲ್ಲ. ಪಂಜರಕ್ಕೆ ಸಣ್ಣ ಕಣ್ಣಿನ ಜಾಲರಿ ಹೊದಿಸಿ ಬೆಳಗಿನ ಹೊತ್ತು ಹಿತ್ತಲಿಗೆ, ಬೆಕ್ಕು ಎಟುಕದ ಎತ್ತರಕ್ಕೆ, ಅಮ್ಮ ಅಲ್ಲಿರುವಷ್ಟು ಹೊತ್ತು. ಅರ್ಧ ಪಂಜರಕ್ಕೆ ನೆರಳು ಇರಲೇಬೇಕು. ವಾರಕ್ಕೆ ನಾಲ್ಕು ದಿನ ಹೊಸ ಸ್ಪ್ರೇ ಬಾಟಲಿಯಿಂದ ಬರೀ ನೀರು, ಮುಖಕ್ಕೆ ಹೊಡೆಯದೆ ಮೇಲಿನಿಂದ ಸೋನೆ ಮಳೆಯ ಹಾಗೆ. ಸಂಜೆಗೆ ಮುಂಚೆ ಮೈ ಒಣಗಬೇಕು. ಸೋಪು, ಬೇವಿನ ಕಷಾಯ, ನಾಯಿಗೆ ಹಾಕುವ ಉಣ್ಣೆ ಹುಳದ ಸ್ಪ್ರೇ ಯಾವುದೂ ಬೇಡ. ರಾತ್ರಿ ಏಳಕ್ಕೆ ಒಳಗಿನ ಕೋಣೆ, ಕತ್ತಲೆ.

ಹೆಚ್ಚು ತಾಳ್ಮೆ ಬೇಡಿದ್ದು ಊಟ. ಬೀಜವನ್ನು ಒಂದೇ ಸಲ ನಿಲ್ಲಿಸಿದರೆ ಹಟ ಹಿಡಿದು ಉಪವಾಸ ಬೀಳುವ ಹಕ್ಕಿಗಳಿವೆ. ನವಣೆ ಬೆರೆಸುತ್ತಾ ಸೂರ್ಯಕಾಂತಿ ಕಡಿಮೆ ಮಾಡಿಸಿದೆ. ಚೆನ್ನಾಗಿ ತೊಳೆದ ನುಗ್ಗೆ ಸೊಪ್ಪಿನ ಕಡ್ಡಿ, ತುರಿದ ಕ್ಯಾರೆಟ್, ಬೇಯಿಸಿದ ಸಿಹಿಗುಂಬಳ. ಕ್ಯಾರೆಟ್ಟನ್ನು ಎಂಟು ದಿನ ಎಸೆಯಿತು. ಒಂಬತ್ತನೇ ದಿನ ಅಮ್ಮ ತಾವೇ ಅದರ ಎದುರು ಕೂತು ತಿಂದು ತೋರಿಸಿದ ಮೇಲೆ ಮುಟ್ಟಿತಂತೆ. ವಿಟಮಿನ್ ಹನಿ ತಂದು ನೀರಿಗೆ ಹಾಕಲೇ ಅಂತ ಮೇಷ್ಟ್ರು ಕೇಳಿದರು, ಬೇಡ ಅಂದೆ. ವಿಟಮಿನ್ ಎ ಅತಿಯಾದರೂ ವಿಷವೇ. ದಿನಾ ಬೆಳಿಗ್ಗೆ ಗ್ರಾಂ ತಕ್ಕಡಿಯಲ್ಲಿ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಟ್ಟರು. 88, 87, 89. ಮೇಷ್ಟ್ರ ಅಕ್ಷರ ಮುತ್ತಿನ ಹಾಗಿತ್ತು.

ಈಗ ಯಾರೇ ಫೋನ್ ಮಾಡಿ ಹಕ್ಕಿಗೆ ನವೆ ಅಂದರೆ ಮೊದಲು ಪಂಜರ ಇರುವ ಜಾಗದ ಫೋಟೋ ಕೇಳುತ್ತೇನೆ, ಮೂರು ತಿಂಗಳಲ್ಲಿ ಮನೆಯಲ್ಲಿ ಏನು ಬದಲಾಯಿತು ಅಂತ ಕೇಳುತ್ತೇನೆ. ಗರಿ ತಿದ್ದಿಕೊಳ್ಳುವುದು ರೋಗವಲ್ಲ, ದಿನಕ್ಕೆ ಎಷ್ಟೋ ಸಲ ತಿದ್ದಿ ಕೊನೆಗೆ ಮೈ ಕೊಡವಿ ಸುಮ್ಮನಾಗುತ್ತವೆ. ಗರಿ ಉದುರಿ ಹೊಸದು ಬರುವಾಗ ಮುಳ್ಳಿನಂಥ ಮೊಳಕೆ ಎದ್ದು ಕೆರೆತ ಜಾಸ್ತಿಯಾಗುವುದೂ ಸಹಜ. ತಿನ್ನುವುದನ್ನು ನಡುವೆ ಬಿಟ್ಟು ಚರ್ಮ ಕಚ್ಚಿಕೊಂಡರೆ, ರಕ್ತ ಕಂಡರೆ ಕಾಯಬೇಡಿ. ರಾತ್ರಿ ಮಾತ್ರ ಒದ್ದಾಡಿದರೆ ಪಂಜರಕ್ಕೆ ಬಿಳಿ ಬಟ್ಟೆ ಹೊದಿಸಿ ಬೆಳಿಗ್ಗೆ ನೋಡಿ, ಕೆಂಪು ಚುಕ್ಕೆ ಹರಿದಾಡಿದರೆ ಅದು ನುಸಿ. ಪುಟ್ಟ ಸಾಕು ಗಿಳಿಗಳಾದ ಬಜ್ಜರಿಗರ್‌ಗಳ ಕೊಕ್ಕು, ಕಾಲಿನ ಮೇಲೆ ಜೇನುಗೂಡಿನಂಥ ಹಕ್ಕಳೆ ಕಟ್ಟಿದ್ದರೆ ಅದೂ ನುಸಿಯದೇ ಕೆಲಸ, ಆಗ ಐವರ್ಮೆಕ್ಟಿನ್ ಸರಿಯಾದ ಮದ್ದು. ನಮ್ಮ ತೋಟದ ಹಸಿರು ಗಿಳಿಯನ್ನು ಹಿಡಿದು ಸಾಕಿದವರು ಬಂದರೆ ಹಕ್ಕಿಯನ್ನು ನೋಡುತ್ತೇನೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದನ್ನು ಸಾಕುವುದು ಅಪರಾಧ, ಅರಣ್ಯ ಇಲಾಖೆಗೆ ಒಪ್ಪಿಸಿ ಅಂತ ಕೂರಿಸಿಕೊಂಡು ಹೇಳುತ್ತೇನೆ.

ಯುಗಾದಿ ಕಳೆದ ಮೇಲೆ ಆ ಮನೆಗೆ ಹೋಗಿದ್ದೆ. ಎದೆ ತುಂಬಿತ್ತು. ಎಡ ರೆಕ್ಕೆಯ ಅಡಿ ರೂಪಾಯಿ ನಾಣ್ಯದಗಲ ಜಾಗ ಬೋಳಾಗಿಯೇ ಉಳಿದಿದೆ. ಮತ್ತೆ ಮತ್ತೆ ಕಿತ್ತ ಕಡೆ ಗರಿಯ ಬೇರು ಸತ್ತರೆ ಹೊಸದು ಬರುವುದಿಲ್ಲ. ನಾನು ಕಳೆದ ಆ ಏಳು ದಿನಗಳಲ್ಲಿ ಅದರಲ್ಲಿ ಎಷ್ಟು ಸತ್ತಿತೋ. ಅಮ್ಮ ಕಲ್ಲಿನ ಮೇಲೆ ಹೊದಿಕೆ ಕುಕ್ಕುತ್ತಿದ್ದರು. ಚಿನ್ನಿ ಸರಳಿಗೆ ಜೋತುಬಿದ್ದು, ಬಾಲ ಅಗಲಿಸಿ, ನೀರು ಬರುವ ಕಡೆಗೇ ಮೈ ಒಡ್ಡಿತ್ತು.